ಧರಣಿ ಮುಗಿದ ಮೇಲೆ ಜಮಖಾನ ಮಡಿಸುವವರು ಯಾರು?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ. ಮಗ ಮೈಸೂರಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಾನೆ. ಸೈನ್ಯಕ್ಕೆ ಸೇರಬೇಕು ಅಂತ ಚಿಕ್ಕಂದಿನಿಂದ ಆಸೆ ಇಟ್ಟುಕೊಂಡವನು. ಈ ವರ್ಷ ಸ್ಕಾಲರ್‌ಶಿಪ್ ಹಣ ಬಂದಿಲ್ಲ ಅಂತ ಶುರುವಾದ ಹೋರಾಟಕ್ಕೆ ಹೋದ. ಈಗ ವಾರಕ್ಕೊಂದು ಧರಣಿ. ಮನೆಗೆ ಬಂದರೆ ವ್ಯವಸ್ಥೆ ಬದಲಾಗಬೇಕು ಅಂತ ಭಾಷಣ. ಮೊಬೈಲಿನಲ್ಲಿ ಬಾಂಗ್ಲಾದೇಶ, ನೇಪಾಳದ ವಿಡಿಯೊ ತೋರಿಸಿ, "ನೋಡಪ್ಪ, ಹುಡುಗರೇ ಸರ್ಕಾರ ಬೀಳಿಸಿದರು" ಅನ್ನುತ್ತಾನೆ. ನಾನೂ ಎಂಬತ್ತರ ದಶಕದಲ್ಲಿ ಕಾಲೇಜಿನಲ್ಲಿ ಮುಷ್ಕರ ಮಾಡಿದವನೇ. ಆಗ ಮುಂದೆ ನಿಂತು ನಮ್ಮಿಂದ ಜೈಕಾರ ಹಾಕಿಸುತ್ತಿದ್ದವನು ಇವತ್ತು ಕಂಟ್ರಾಕ್ಟರುಗಳ ಕಾರಿನಲ್ಲಿ ಓಡಾಡುತ್ತಾನೆ. ಹಾಗಾಗಿ ಈ ಆದರ್ಶ ಗೀದರ್ಶ ಎಲ್ಲ ವಯಸ್ಸಿನ ಜ್ವರ ಅಂತ ನನ್ನ ಲೆಕ್ಕ. ನನ್ನ ಅನುಮಾನ ತಪ್ಪಾ? ಅವನನ್ನು ತಡೆಯಬೇಕಾ?

ಒಬ್ಬ ತಂದೆ, ಸೋಮವಾರಪೇಟೆ ತಾಲ್ಲೂಕು

ಉತ್ತರ: ನಿಮ್ಮ ಅನುಮಾನದಲ್ಲಿ ಹುರುಳಿದೆ. ಮೂವತ್ತು ವರ್ಷ ಕೊಡಗಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವನು ನಾನು. ಕಾಲೇಜಿನ ಗೇಟಿನ ಪಕ್ಕ ನಿಂತು ಎಷ್ಟೋ ಮುಷ್ಕರ ನೋಡಿದ್ದೇನೆ. ಕ್ಲಾಸು ಖಾಲಿಯಾಯಿತು ಅಂತ ಒಳಗೊಳಗೇ ಖುಷಿಪಟ್ಟ ದಿನಗಳೂ ಇವೆ, ಸುಳ್ಳು ಯಾಕೆ ಹೇಳಲಿ. ಹಾಗೆ ನೋಡಿ ನೋಡಿ ನನಗೂ ಯುವಶಕ್ತಿ ಅನ್ನುವ ಪದ ಕೇಳಿದರೆ ಸ್ವಲ್ಪ ಮುಜುಗರ ಆಗುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ಒಂದು ಲೆಕ್ಕ ತಪ್ಪಿದೆ. ನಿಮ್ಮ ಸಿಟ್ಟು ಆ ಹಳೇ ನಾಯಕನ ಮೇಲಿನದು. ಅದನ್ನು ಮಗನ ಖಾತೆಗೆ ಬರೆಯುತ್ತಿದ್ದೀರಿ. ಹುಡುಗನ ಆದರ್ಶ ನಿಜವಾ ಸುಳ್ಳಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಹತ್ತೊಂಬತ್ತು ವರ್ಷದವರ ಆದರ್ಶ ಹೆಚ್ಚಾಗಿ ನಿಜವೇ ಇರುತ್ತದೆ. ನಾನು ಕೇಳುವ ಪ್ರಶ್ನೆ ಬೇರೆ. ಧರಣಿ ಮುಗಿದ ಮೇಲೆ ಜಮಖಾನ ಮಡಿಸುವವರು ಯಾರು? ಮೈಕ್‌ಸೆಟ್ಟಿನ ಬಾಡಿಗೆ ಕೊಟ್ಟವರು ಯಾರು? ಮನವಿಪತ್ರ ಯಾವ ಟೇಬಲ್ ಮೇಲೆ ಕೂತಿದೆ ಅಂತ ಮುಂದಿನ ವಾರ ಹೋಗಿ ವಿಚಾರಿಸುವವರು ಯಾರು? ನನ್ನ ಅನುಮಾನವೆಲ್ಲ ಅಲ್ಲಿರುತ್ತದೆ.

ಈ ತಕರಾರು ನಿಮ್ಮಿಂದ ಶುರುವಾದದ್ದಲ್ಲ. 1920ರಲ್ಲಿ ಗಾಂಧೀಜಿ ಸರ್ಕಾರಿ ಶಾಲೆ ಕಾಲೇಜು ಬಿಟ್ಟು ಬನ್ನಿ ಅಂತ ಕರೆ ಕೊಟ್ಟರು. ಸಾವಿರಾರು ಹುಡುಗರು ಬಿಟ್ಟು ಬಂದರು. ಅದು ಸರಿಯಲ್ಲ ಅಂತ ಬಾಯಿಬಿಟ್ಟು ಹೇಳಿದವರು ರವೀಂದ್ರನಾಥ ಠಾಕೂರರು. ಅದಕ್ಕೂ ಮುಂಚೆ, ಬಂಗಾಳದ ಸ್ವದೇಶಿ ಚಳವಳಿಯ ಕಾಲದಲ್ಲಿ, ಒಂದಷ್ಟು ವಿದ್ಯಾರ್ಥಿಗಳು ಅವರ ಮನೆಗೇ ಬಂದಿದ್ದರಂತೆ. ನೀವು ಹೂಂ ಅನ್ನಿ, ಈಗಿಂದೀಗಲೇ ಕಾಲೇಜು ಬಿಡುತ್ತೇವೆ ಅಂದರಂತೆ. ಠಾಕೂರರು ಖಂಡಿತ ಆಗಲ್ಲ ಅಂದರು. ಇವರಿಗೆ ದೇಶದ ಮೇಲೆ ಪ್ರೀತಿ ಇದೆಯೋ ಇಲ್ಲವೋ ಅಂತ ಹುಡುಗರು ಸಿಟ್ಟಾಗಿ ಹೋದರು. 1921ರಲ್ಲಿ ಬರೆದ ಒಂದು ಪತ್ರದಲ್ಲಿ ಅವರೇ ಇದನ್ನು ನೆನಪಿಸಿಕೊಂಡಿದ್ದಾರೆ. ಹುಡುಗರು ಪ್ರಾಮಾಣಿಕರು ಅನ್ನುವುದರಲ್ಲಿ ಅವರಿಗೆ ಸಂಶಯ ಇರಲಿಲ್ಲ. ಇರುವುದನ್ನು ಬಿಡಿಸಿ ಬರಿಗೈಯಲ್ಲಿ ಬೀದಿಗೆ ನಿಲ್ಲಿಸಿದರೆ ಮುಂದೇನು ಅನ್ನುವುದು ಅವರ ಚಿಂತೆ.

1922ರ ಫೆಬ್ರವರಿಯಲ್ಲಿ ಚೌರಿಚೌರಾದಲ್ಲಿ ಜನರ ಗುಂಪು ಠಾಣೆಗೆ ಬೆಂಕಿ ಹಚ್ಚಿ ಪೊಲೀಸರನ್ನು ಕೊಂದಿತು. ಗಾಂಧೀಜಿ ಚಳವಳಿ ನಿಲ್ಲಿಸಿದರು. ಅನೇಕ ಹುಡುಗರು ಹಳೇ ಕಾಲೇಜಿನ ಬಾಗಿಲಿಗೇ ವಾಪಸ್ ಹೋಗಬೇಕಾಯಿತು. ಠಾಕೂರರು ಗೆದ್ದರು ಅನ್ನಬಹುದು. ಆದರೆ ಎಲ್ಲರೂ ವಾಪಸ್ ಹೋಗಲಿಲ್ಲ. ಆ ಚಳವಳಿಯೇ ಕಟ್ಟಿದ ಕಾಶಿ ವಿದ್ಯಾಪೀಠದಂಥ ಕಡೆ ಓದು ಮುಂದುವರಿಸಿದವರೂ ಇದ್ದರು. ಲಾಲ್ ಬಹಾದ್ದೂರ್ ಅವರಲ್ಲೊಬ್ಬರು. ಶಾಸ್ತ್ರಿ ಅನ್ನುವುದು ಅವರ ಮನೆತನದ ಹೆಸರಲ್ಲ, ಆ ವಿದ್ಯಾಪೀಠ ಕೊಟ್ಟ ಪದವಿ. ಬಿಟ್ಟು ಬಂದವರಿಗೆ ಹೋಗಿ ಸೇರಲು ಒಂದು ಜಾಗ ಕಟ್ಟಿಟ್ಟಿದ್ದ ಕಡೆ ಹುಡುಗರು ಉಳಿದರು. ಕಟ್ಟದ ಕಡೆ ಚದುರಿದರು. ವಯಸ್ಸಿನ ಜ್ವರ ಅನ್ನುವ ಮಾತು ಈ ವ್ಯತ್ಯಾಸವನ್ನು ವಿವರಿಸುವುದಿಲ್ಲ, ಅಲ್ವಾ?

ನಮ್ಮೂರಿನ ಕಥೆಯೂ ಒಂದಿದೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಸುಂಟಿಕೊಪ್ಪದ ಗುಂಡುಕುಟ್ಟಿ ತೋಟದಲ್ಲಿದ್ದ ಕಥೆಗಾರ್ತಿ ಗೌರಮ್ಮ, ಅವರು ನಮ್ಮ ಮನೆಗೂ ಬರಬೇಕು ಅಂತ ಉಪವಾಸ ಕೂತರು. ವಯಸ್ಸು ಇಪ್ಪತ್ತೆರಡರ ಹತ್ತಿರ. ಗಾಂಧೀಜಿ ಬಂದರು. ಗೌರಮ್ಮ ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಅವತ್ತು ಯಾರಾದರೂ ಹಿರಿಯರು ಇದನ್ನೂ ಹುಚ್ಚು ಅಂದಿರುತ್ತಾರೆ. ಇನ್ನು ನಿಮ್ಮ ಮಗ ಮೈಸೂರಿನಲ್ಲಿ ರಾಮಸ್ವಾಮಿ ವೃತ್ತ ದಾಟಿಯೇ ಇರುತ್ತಾನೆ. 1947ರ ಸೆಪ್ಟೆಂಬರ್‌ನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದು ಮೈಸೂರು ಸಂಸ್ಥಾನಕ್ಕೆ ಇನ್ನೂ ಜನಪ್ರತಿನಿಧಿಗಳ ಜವಾಬ್ದಾರಿ ಸರ್ಕಾರ ಬಾರದೆ ಇದ್ದಾಗ, ಗುಂಡಿಗೆ ಬಲಿಯಾದ ವಿದ್ಯಾರ್ಥಿ ಆತ. ಆ ಅಕ್ಟೋಬರ್‌ನಲ್ಲೇ ಕೆ.ಸಿ. ರೆಡ್ಡಿ ಅವರ ಸರ್ಕಾರ ಬಂತು. ವೃತ್ತದ ಹೆಸರು ಎಲ್ಲರ ಬಾಯಲ್ಲಿದೆ. ಹುಡುಗ ಯಾರು ಅಂತ ಕೇಳಿದರೆ ಆಟೋದವರೂ ತಲೆ ಕೆರೆದುಕೊಳ್ಳುತ್ತಾರೆ.

ಈಗ ನಿಮ್ಮ ವಾದ ಗಟ್ಟಿಯಾಗಿರುವ ಕಡೆ ಬರುತ್ತೇನೆ. ನಾಯಕರು ಕೆಡುತ್ತಾರೆ ಅಂದಿರಿ. ಅದಕ್ಕೆ ಗುಜರಾತಿನಷ್ಟು ಒಳ್ಳೆಯ ಉದಾಹರಣೆ ಇಲ್ಲ. 1973ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಹಾಸ್ಟೆಲ್ ಮೆಸ್ ಬಿಲ್ ಶೇಕಡ 20ರಷ್ಟು ಏರಿತು. ಎಣ್ಣೆ, ಧಾನ್ಯ ಎಲ್ಲದರ ಬೆಲೆಯೂ ಏರಿದ್ದ ಕಾಲ ಅದು. ಹುಡುಗರು ಮುಷ್ಕರ ಹೂಡಿದರು. ಒಂದು ಮೆಸ್ಸಿನ ಜಗಳ ಕೆಲವೇ ವಾರಗಳಲ್ಲಿ ಇಡೀ ರಾಜ್ಯದ ಜಗಳವಾಯಿತು. ಅದಕ್ಕೆ ನವನಿರ್ಮಾಣ ಅಂತ ಹೆಸರು ಬಂತು. 1974ರ ಫೆಬ್ರವರಿ 9ಕ್ಕೆ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಟ್ಟರು. ಮಾರ್ಚ್‌ನಲ್ಲಿ ವಿಧಾನಸಭೆಯೇ ವಿಸರ್ಜನೆಯಾಯಿತು. ಮೆಸ್ ಬಿಲ್ಲಿನಿಂದ ಶುರು ಮಾಡಿ ಮೂರು ತಿಂಗಳೊಳಗೆ ವಿಧಾನಸಭೆಯನ್ನೇ ಮನೆಗೆ ಕಳಿಸಿದರು. ನಿಮ್ಮ ಮಗನಿಗೆ ಇಲ್ಲಿವರೆಗೆ ಮಾತ್ರ ಹೇಳಿದರೆ ಕುಣಿದಾಡುತ್ತಾನೆ.

ಮುಂದಿನದನ್ನೂ ಹೇಳಿ. 1975ರ ಜೂನ್‌ನಲ್ಲಿ ಚುನಾವಣೆ ಆಯಿತು. ವಿರೋಧಿಗಳ ಜನತಾ ಮೋರ್ಚಾ ಮುಂದೆ ಬಂತು, ಆದರೆ ಬಹುಮತ ಸಿಗಲಿಲ್ಲ. ಸರ್ಕಾರ ಮಾಡಲು ಯಾರ ಬೆಂಬಲ ತೆಗೆದುಕೊಂಡರು ಗೊತ್ತಾ? ಚಿಮನ್‌ಭಾಯಿ ಕಟ್ಟಿದ ಹೊಸ ಪಕ್ಷದ ಬೆಂಬಲ. ಹುಡುಗರು ಯಾರನ್ನು ಇಳಿಸಿದ್ದರೋ ಆ ಮನುಷ್ಯನೇ ಹೊಸ ಸರ್ಕಾರಕ್ಕೆ ಊರುಗೋಲು. ಅಷ್ಟಕ್ಕೇ ಮುಗಿಯಲಿಲ್ಲ. 1990ರಲ್ಲಿ ಅವರೇ ಮತ್ತೆ ಮುಖ್ಯಮಂತ್ರಿಯಾದರು. ಇನ್ನೊಂದು ವಿಷಯ ಕೇಳಿ. ಈ ಚಿಮನ್‌ಭಾಯಿ ಕೂಡ ಬರೋಡಾದ ವಿಶ್ವವಿದ್ಯಾಲಯದಲ್ಲಿ ಓದುವಾಗ ವಿದ್ಯಾರ್ಥಿ ಸಂಘದ ಅಧ್ಯಕ್ಷರಾಗಿದ್ದವರು. ನಾನು ಇದನ್ನು ಕ್ಲಾಸಿನಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ನಗು ಬರುತ್ತಿತ್ತು. ಮುಂದಿನ ಬೆಂಚಿನವರು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಗೆ ಬರುತ್ತದೆ ಅಂತ.

ಬಿಹಾರದ್ದು ನಿಮಗೆ ಗೊತ್ತೇ ಇದೆ. 1974ರಲ್ಲಿ ಭ್ರಷ್ಟಾಚಾರದ ವಿರುದ್ಧ ಜಯಪ್ರಕಾಶ ನಾರಾಯಣರ (ಜೆಪಿ) ಹಿಂದೆ ಹೊರಟ ಹುಡುಗರಲ್ಲಿ ಲಾಲು ಪ್ರಸಾದ್ ಇದ್ದರು. 2013ರಲ್ಲಿ ಮೇವು ಹಗರಣದಲ್ಲಿ ಶಿಕ್ಷೆಯಾದದ್ದು ಅದೇ ಲಾಲು ಅವರಿಗೆ. ಅಸ್ಸಾಮಿನಲ್ಲಿ ಅಕ್ರಮ ವಲಸೆಯ ವಿರುದ್ಧ ಆರು ವರ್ಷ ಹೋರಾಡಿದ ವಿದ್ಯಾರ್ಥಿ ನಾಯಕರು 1985ರಲ್ಲಿ ಕೇಂದ್ರದ ಜೊತೆ ಒಪ್ಪಂದ ಆಗಿ ನಾಲ್ಕೇ ತಿಂಗಳಲ್ಲಿ ಪಕ್ಷ ಕಟ್ಟಿ ಗೆದ್ದು ಸರ್ಕಾರ ನಡೆಸಲು ಕೂತರು. ಮುಖ್ಯಮಂತ್ರಿಯಾದ ಪ್ರಫುಲ್ಲ ಕುಮಾರ ಮಹಂತ ಅವರಿಗೆ ಆಗ ಮೂವತ್ತಮೂರು. ಐದು ವರ್ಷ ತುಂಬುವ ಹೊತ್ತಿಗೆ ರಾಷ್ಟ್ರಪತಿ ಆಳ್ವಿಕೆ ಬಂತು.

ಇದನ್ನೆಲ್ಲ ಓದಿ, ನಾನು ಹೇಳಿದ್ದೂ ಇದೇ ತಾನೇ ಅನ್ನುತ್ತೀರಿ. ಒಂದು ನಿಮಿಷ ತಾಳಿ. ಗುಜರಾತಿನ ಮೆಸ್ ಬಿಲ್ ಸುಳ್ಳಾಗಿತ್ತಾ? ಇಲ್ಲ. ಹುಡುಗರು ದುಡ್ಡು ತಿಂದರಾ? ಬಹುಪಾಲು ಹುಡುಗರು ಪರೀಕ್ಷೆ ಬರೆದು ಕೆಲಸಕ್ಕೆ ಹೋದರು. ಅವರಿಗೆ ಯಾರು ಹೋಗಬೇಕು ಅಂತ ಗೊತ್ತಿತ್ತು. ಹೋದ ಮೇಲೆ ಏನು ಬರಬೇಕು ಅನ್ನುವುದನ್ನು ಯಾರೂ ಕೂತು ಬರೆದಿರಲಿಲ್ಲ. ಆ ಖಾಲಿ ಜಾಗಕ್ಕೆ ರಾಜಕೀಯ ಬಲ್ಲವರು ಬಂದು ಕೂತರು. ನಿಮ್ಮ ಮಗನ ವಿಡಿಯೊಗಳಲ್ಲೂ ಇದೇ ತೊಂದರೆ. 2024ರ ಆಗಸ್ಟ್ 5ರಂದು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಢಾಕಾ ಬಿಟ್ಟ ದಿನ, 2025ರ ಸೆಪ್ಟೆಂಬರ್ 9ರಂದು ಕಠ್ಮಂಡುವಿನಲ್ಲಿ ನೇಪಾಳದ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟ ದಿನ, ಇವು ವಿಡಿಯೊ ಆಗುತ್ತವೆ. ಮಾರನೇ ದಿನದಿಂದ ಶುರುವಾಗುವ ಮೀಟಿಂಗು, ಮತದಾರರ ಪಟ್ಟಿ, ಬಜೆಟ್ಟು ಯಾವ ವಿಡಿಯೊದಲ್ಲೂ ಬರುವುದಿಲ್ಲ. ಬಂದರೂ ಯಾರೂ ನೋಡುವುದಿಲ್ಲ ಬಿಡಿ.

ಆದರ್ಶದ ಬಗ್ಗೆ ಇನ್ನೊಂದು ಅನುಮಾನ ಇದೆ. ನಿಮ್ಮ ಪತ್ರದಲ್ಲಿ ಅದು ಇಲ್ಲ, ಆದರೆ ನನ್ನನ್ನು ಹೆಚ್ಚು ಕಾಡುವುದು ಅದೇ. ಗುಂಪು ಸೇರಿದ ಹುಡುಗರು ಪ್ರಾಮಾಣಿಕವಾಗಿಯೇ ತಪ್ಪು ಕಡೆ ನಿಲ್ಲಬಹುದು. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮಾತನಾಡುತ್ತಾ ದಲಿತ ಸಮುದಾಯದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ನಿಮಗೆ ಗೊತ್ತಿರುವ ಬೂಸಾನೇ, ದನಕ್ಕೆ ಹಾಕುವುದು. ರಾಜ್ಯದ ಕಾಲೇಜುಗಳಲ್ಲಿ ಬೆಂಕಿ ಹತ್ತಿತು. ಭಾಷೆಯ ಅಭಿಮಾನದಿಂದಲೇ ಹುಡುಗರು ಬೀದಿಗೆ ಬಂದರು. ಆದರೆ ಪೆಟ್ಟು ಬಿದ್ದದ್ದು ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲ್‌ಗಳ ಮೇಲೆ. ಕುವೆಂಪು ಅವರಂಥವರು ಬಸವಲಿಂಗಪ್ಪನವರ ಪರ ನಿಂತರೂ ಅವರ ಮಂತ್ರಿ ಪದವಿ ಉಳಿಯಲಿಲ್ಲ. ಆ ಮೆರವಣಿಗೆಯಲ್ಲಿ ಹೋದ ಎಷ್ಟೋ ಜನ ತಾವು ಕನ್ನಡಮ್ಮನ ಸೇವೆ ಮಾಡಿದೆವು ಅಂತಲೇ ನಂಬಿದ್ದರು. ಆಮೇಲೆ ನಾಚಿಕೆಪಟ್ಟವರನ್ನೂ ನಾನು ಕಂಡಿದ್ದೇನೆ.

ಅದೇ ಘಟನೆಯ ಇನ್ನೊಂದು ಮಗ್ಗುಲು ನೋಡಿ. ಪೆಟ್ಟು ತಿಂದ ಹುಡುಗರೂ ವಿದ್ಯಾರ್ಥಿಗಳೇ. ಅವರೂ ಅದೇ ವಯಸ್ಸಿನವರು. ಅವರು ಹಾಸ್ಟೆಲ್ ರೂಮುಗಳಲ್ಲಿ ಕೂತು ಮಾತಾಡಿದರು, ಊರೂರಿಗೆ ಹೋದರು, ಪತ್ರಿಕೆ ತಂದರು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಆ ಬಿಸಿಯಿಂದ. ಎಪ್ಪತ್ತು, ಎಂಬತ್ತರ ದಶಕದ ಕರ್ನಾಟಕದ ಹಳ್ಳಿಗಳಲ್ಲಿ ಭೂಮಿಯ ಪ್ರಶ್ನೆ, ದೌರ್ಜನ್ಯದ ಪ್ರಶ್ನೆ ಎತ್ತಿದವರು ಅವರು. ಮೆರವಣಿಗೆ ಮಾಡಿದ ಬಹುಸಂಖ್ಯೆಯ ಹುಡುಗರಿಂದ ಏನೂ ಉಳಿಯಲಿಲ್ಲ. ಏಟು ತಿಂದ ಸ್ವಲ್ಪ ಜನರಿಂದ ಒಂದು ಚಳವಳಿ ಉಳಿಯಿತು. ಹಾಗಾಗಿ ವಿದ್ಯಾರ್ಥಿ ಹೋರಾಟ ಒಳ್ಳೆಯದಾ ಕೆಟ್ಟದ್ದಾ ಅಂತ ಯಾರಾದರೂ ಕೇಳಿದರೆ ಯಾವ ವಿದ್ಯಾರ್ಥಿಗಳದ್ದು ಅಂತ ನಾನು ತಿರುಗಿ ಕೇಳುತ್ತೇನೆ.

ಜ್ವರದ ಮಾತಿಗೆ ಬರೋಣ. ವಯಸ್ಸು ಇಳಿದ ಮೇಲೆ ಆದರ್ಶವೂ ಇಳಿಯುತ್ತದಾ? ಇದನ್ನು ಅಳೆದು ನೋಡಿದವರೊಬ್ಬರಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡಗ್ ಮ್ಯಾಕ್‌ಆಡಂ. 1964ರ ಬೇಸಿಗೆಯಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಸುಮಾರು ಸಾವಿರ ಕಾಲೇಜು ಹುಡುಗ ಹುಡುಗಿಯರು ಹೋದರು. ಹೆಚ್ಚಿನವರು ಉತ್ತರದ ಊರುಗಳ ಅನುಕೂಲಸ್ಥ ಬಿಳಿಯರ ಮಕ್ಕಳು. ಕೆಲಸ ಶುರುವಾಗುವಷ್ಟರಲ್ಲೇ ಮೂವರು ಕಾರ್ಯಕರ್ತರ ಕೊಲೆಯಾಯಿತು. ಇಪ್ಪತ್ತು ವರ್ಷದ ನಂತರ ಮ್ಯಾಕ್‌ಆಡಂ ಆ ಹಳೇ ಅರ್ಜಿಗಳನ್ನು ಹಿಡಿದುಕೊಂಡು ಅವರನ್ನೆಲ್ಲ ಹುಡುಕಿದರು. ಹೋದವರನ್ನು ಮಾತ್ರ ಅಲ್ಲ. ಅರ್ಜಿ ಹಾಕಿ, ಆಯ್ಕೆಯಾಗಿ, ಕೊನೆಗೆ ಹೋಗದೆ ಉಳಿದವರನ್ನೂ ಹುಡುಕಿದರು. ಈ ಎರಡನೇ ಗುಂಪು ಸಿಕ್ಕಿದ್ದರಿಂದಲೇ ಆ ಅಧ್ಯಯನಕ್ಕೆ ಬೆಲೆ. ಇಬ್ಬರ ಅರ್ಜಿಯಲ್ಲೂ ಆದರ್ಶ ಒಂದೇ ತೂಕದ್ದು.

ಆಮೇಲಿನ ಬದುಕು ಬೇರೆಯಾಗಿತ್ತು. ಹೋದವರಲ್ಲಿ ಹೆಚ್ಚಿನವರು ಇಪ್ಪತ್ತು ವರ್ಷದ ನಂತರವೂ ಯಾವುದಾದರೊಂದು ಸಾರ್ವಜನಿಕ ಕೆಲಸದಲ್ಲಿದ್ದರು. ನಿಮ್ಮ ಹಳೇ ನಾಯಕನ ಥರ ತಿರುಗಿ ಬಿದ್ದವರು ಕಡಿಮೆ. ಆದರೆ ಅದಕ್ಕೆ ಬೆಲೆ ಕೊಟ್ಟಿದ್ದರು. ಹೋಗದೆ ಉಳಿದವರಿಗಿಂತ ಅವರ ಸಂಪಾದನೆ ಕಡಿಮೆ. ಮದುವೆ ಆಗದವರು, ಮದುವೆ ಮುರಿದವರು ಜಾಸ್ತಿ. ಇದನ್ನು ತಂದೆಯಾಗಿ ನೀವು ತಿಳಿದಿರಬೇಕು. ಜ್ವರ ಇಳಿಯುತ್ತದೆ ಅಂತ ಸುಮ್ನೆ ಕಾಯುತ್ತಾ ಕೂತರೆ ಇಳಿಯದೆಯೂ ಇರಬಹುದು.

ಅದೇ ಅಧ್ಯಯನದಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದ ಇನ್ನೊಂದು ಮಾತಿದೆ. ಯಾರು ಹೋದರು, ಯಾರು ಉಳಿದರು ಅನ್ನುವುದನ್ನು ತೀರ್ಮಾನಿಸಿದ್ದರಲ್ಲಿ ಸ್ನೇಹದ ಪಾಲು ದೊಡ್ಡದು. ಆಪ್ತ ಗೆಳೆಯನೊಬ್ಬ ಹೋಗುತ್ತಿದ್ದರೆ ಇವನೂ ಹೋದ. ಗೆಳೆಯ ಹಿಂದೆ ಸರಿದರೆ ಇವನೂ ಸರಿದ. ನಾನು ಕಾಲೇಜಿನಲ್ಲಿ ಕಂಡದ್ದೂ ಅದೇ. ಅದಕ್ಕೇ ಮಗನ ಘೋಷಣೆಗಳ ಜೊತೆ ವಾದಕ್ಕೆ ಇಳಿಯಬೇಡಿ. ಅವನ ಜೊತೆ ಜಮಖಾನದ ಮೇಲೆ ಕೂರುವ ನಾಲ್ಕು ಜನ ಯಾರು ಅಂತ ನೋಡಿ. ಈ ಸಲ ಕಾಫಿ ಕೊಯ್ಲಿಗೆ ಅವರನ್ನೂ ಮನೆಗೆ ಕರೆಯಿರಿ. ಎರಡು ದಿನ ಬುಟ್ಟಿ ಕಟ್ಟಿಕೊಂಡು ಹಣ್ಣು ಕೊಯ್ಯಲಿ. ಸಂಜೆ ತೂಕ ಹಾಕುವ ಹೊತ್ತಿಗೆ ಯಾರು ಎಂಥವರು ಅಂತ ನಿಮಗೇ ಗೊತ್ತಾಗುತ್ತದೆ.

ನೀವು ಓದುವಾಗ ಕಾಲೇಜಿನಲ್ಲಿ ಯೂನಿಯನ್ ಚುನಾವಣೆ ಇತ್ತು, ನೆನಪಿದೆಯಾ? ಕರ್ನಾಟಕದಲ್ಲಿ ಅದು 1989-90ರ ಸುಮಾರಿಗೆ ನಿಂತುಹೋಯಿತು. ಗಲಾಟೆ, ಹೊಡೆದಾಟ ಜಾಸ್ತಿಯಾಗಿತ್ತು, ನಿಜ. ತಮಾಷೆ ಏನಂದರೆ ಮತ ಹಾಕುವ ವಯಸ್ಸು 21ರಿಂದ 18ಕ್ಕೆ ಇಳಿದದ್ದೂ 1989ರಲ್ಲೇ. ಅಂದರೆ ಹದಿನೆಂಟರ ಹುಡುಗ ಪ್ರಧಾನಿಯನ್ನು ಆರಿಸಬಹುದು, ಕಾಲೇಜಿನ ಕಾರ್ಯದರ್ಶಿಯನ್ನು ಆರಿಸುವ ಹಾಗಿಲ್ಲ. 2006ರಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳ ಬಗ್ಗೆ ಲಿಂಗ್ಡೊ ಸಮಿತಿ ಕೊಟ್ಟ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ ಒಪ್ಪಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದು, ಹಾಜರಿ ಶೇಕಡ 75 ಇರಬೇಕು ಅಂತೆಲ್ಲ ನಿಯಮ ಬಂತು. ನಮ್ಮಲ್ಲಿ ಚುನಾವಣೆ ಮಾತ್ರ ವಾಪಸ್ ಬರಲಿಲ್ಲ. ಇದು ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ. ಸೋತು ಮಾರನೇ ದಿನ ಗೆದ್ದವನ ಪಕ್ಕದ ಬೆಂಚಿನಲ್ಲೇ ಕೂರುವುದನ್ನು, ಸಂಘದ ದುಡ್ಡಿಗೆ ಲೆಕ್ಕ ಕೊಡುವುದನ್ನು ಹುಡುಗರು ಕಲಿಯುತ್ತಿದ್ದದ್ದು ಅಲ್ಲಿ. ಆ ಬಾಗಿಲು ಮುಚ್ಚಿದ ಮೇಲೆ ರಾಜಕೀಯದ ಹಸಿವಿರುವ ಹುಡುಗನಿಗೆ ಉಳಿದದ್ದು ಪಕ್ಷಗಳ ವಿದ್ಯಾರ್ಥಿ ಘಟಕ ಮತ್ತು ಬೀದಿ. ಆಮೇಲೆ ಇವರಿಗೆ ತಾಳ್ಮೆ ಇಲ್ಲ ಅಂತ ನಾವೇ ದೂರುತ್ತೇವೆ.

ನನ್ನ ಕಣ್ಣೆದುರು ನಡೆದದ್ದೊಂದು ಹೇಳುತ್ತೇನೆ. ತೊಂಬತ್ತರ ದಶಕದ ಮಧ್ಯಭಾಗ. ನಾನಿದ್ದ ಕಾಲೇಜಿನ ಹಳ್ಳಿ ಮಕ್ಕಳಿಗೆ ಸಂಜೆ ಬಸ್ಸಿನ ಸಮಸ್ಯೆ. ನಾಲ್ಕು ಗಂಟೆಯ ಬಸ್ಸು ಕೊನೆಯ ಕ್ಲಾಸು ಮುಗಿಯುವ ಮುಂಚೆ ಹೊರಡುತ್ತಿತ್ತು. ಮುಂದಿನದು ಆರೂವರೆಗೆ. ಜುಲೈ ಮಳೆಯಲ್ಲಿ ಆ ಬಸ್ಸಿಳಿದು, ಜಿಗಣೆ ಕಿತ್ತುಕೊಂಡು, ಆನೆ ಇದೆಯೋ ಏನೋ ಅಂತ ಹೆದರಿಕೊಂಡು ಹುಡುಗಿಯರು ಕತ್ತಲೆಯಲ್ಲಿ ನಡೆಯಬೇಕಿತ್ತು. ಮುಷ್ಕರ ಶುರುವಾಯಿತು. ಗೇಟಿನ ಮುಂದೆ ಟಾರ್ಪಾಲು ಕಟ್ಟಿ, ಜಮಖಾನ ಹಾಸಿ ಕೂತರು. ಮೊದಲ ದಿನ ಕಾಲೇಜಿಗೆ ಕಾಲೇಜೇ ಅಲ್ಲಿತ್ತು. ಐದನೇ ದಿನ ಅರುವತ್ತು ಜನ. ಹನ್ನೊಂದನೇ ದಿನ ಒಂಬತ್ತು. ಚೆನ್ನಾಗಿ ಮಾತಾಡುತ್ತಿದ್ದ ಹುಡುಗನೊಬ್ಬ ಏಳನೇ ದಿನವೇ ಯಾವುದೋ ಪಕ್ಷದ ಆಫೀಸಿನ ಮೆಟ್ಟಿಲು ಹತ್ತಿದ್ದ. ಅವನ ಭಾಷಣ ಕೇಳಿ ನನ್ನ ಕಣ್ಣಲ್ಲೂ ನೀರು ಬಂದಿತ್ತು ಅಂದರೆ ನೀವು ನಗಬೇಡಿ.

ಬಸ್ಸು ಬರಲಿಲ್ಲ. ಟಾರ್ಪಾಲು ಬಿಚ್ಚಿದರು. ನೆನೆದ ಜಮಖಾನವನ್ನು ಹಿಂಡಿ ಮಡಿಸಿದವನು ಕಾಮರ್ಸಿನ ಒಬ್ಬ ಮೌನಿ ಹುಡುಗ. ಹನ್ನೊಂದೂ ದಿನ ಒಂದು ಘೋಷಣೆ ಕೂಗಿರಲಿಲ್ಲ. ಚಂದಾ ಲೆಕ್ಕ ಅವನ ಹತ್ತಿರ ಇತ್ತು. ಆಮೇಲೆ ಅವನು ಮತ್ತು ಇಬ್ಬರು ಹುಡುಗಿಯರು ಒಂದು ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ನಿಂತು ಎಣಿಸಿದರು. ಯಾವ ಬಸ್ಸಿಗೆ ಎಷ್ಟು ಜನ ಹತ್ತಿದರು, ಎಷ್ಟು ಪಾಸು, ಎಷ್ಟು ಟಿಕೆಟು, ಎಲ್ಲಿ ಇಳಿದರು. ಗೆರೆ ಹಾಕಿ ಬರೆದು, ಜೆರಾಕ್ಸ್ ಮಾಡಿಸಿ, ಡಿಪೋಗೆ ಕೊಟ್ಟರು. ಉತ್ತರ ಬಾರದಿದ್ದಾಗ ಮತ್ತೆ ಕೊಟ್ಟರು. ಮುಂದಿನ ಜೂನ್‌ನಲ್ಲಿ ನಾಲ್ಕೂ ಮುಕ್ಕಾಲಿಗೆ ಒಂದು ಬಸ್ಸು ಬಂತು. ಮುಷ್ಕರ ಆಗದೆ ಇದ್ದಿದ್ದರೆ ಆ ಕಾಗದವನ್ನು ಯಾರೂ ತೆರೆದು ನೋಡುತ್ತಿರಲಿಲ್ಲ ಅಂತಲೂ ನನಗೆ ಗೊತ್ತು. ಅದಕ್ಕೇ ನಾನು ಪೂರ್ತಿ ನಿಮ್ಮ ಕಡೆ ಬರಲು ಆಗುವುದಿಲ್ಲ.

ತೋಟ ಮಾಡುವ ನಿಮಗೆ ಇದು ಹೊಸದೇನಲ್ಲ. ಹೂಮಳೆ ಬಿದ್ದಾಗ ಗಿಡವೆಲ್ಲ ಬೆಳ್ಳಗಾಗುತ್ತದೆ. ಎರಡು ಮೂರು ವಾರದಲ್ಲಿ ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆ ಬಾರದಿದ್ದರೆ ಕಾಯಿ ನಿಲ್ಲುವುದಿಲ್ಲ. ಅಂತ ಹೂವನ್ನು ಯಾರೂ ಬೈಯುವುದಿಲ್ಲ. ಪೈಪು ಎಳೆದು ಸ್ಪ್ರಿಂಕ್ಲರ್ ಹಾಕುತ್ತಾರೆ.

ಕೊಡಗಿನ ಈಚಿನ ವರ್ಷಗಳನ್ನೇ ನೋಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಬೆಟ್ಟ ಕುಸಿದಾಗ ಕೆಸರಿನಲ್ಲಿ ಇಳಿದು ಅಕ್ಕಿ ಮೂಟೆ ಹೊತ್ತವರು ಇದೇ ವಯಸ್ಸಿನವರು. ಆಗ ಯಾರೂ ಅವರನ್ನು ಜ್ವರ ಬಂದವರು ಅನ್ನಲಿಲ್ಲ. 2019ರ ಜೂನ್‌ನಲ್ಲಿ ಅದೇ ಯುವಕರು ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಟ್ವಿಟರ್‌ನಲ್ಲಿ ದನಿ ಎತ್ತಿದರು. ಮುಖ್ಯಮಂತ್ರಿಯೇ ಉತ್ತರ ಕೊಡುವ ಹಾಗಾಯಿತು. ಹೃದಯಾಘಾತ ಆದವರನ್ನು ಮೈಸೂರಿಗೆ ಸಾಗಿಸುವ ದಾರಿ ಎಷ್ಟು ಉದ್ದ ಅಂತ ನಿಮಗೆ ಗೊತ್ತು. ಆ ಬೇಡಿಕೆಯಲ್ಲಿ ಹುಡುಗಾಟ ಏನಿತ್ತು? 2025ರ ಆರಂಭದಲ್ಲಿ ಕೊಡಗು ವಿಶ್ವವಿದ್ಯಾಲಯವೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗ, ಅದು ಇರುವ ಚಿಕ್ಕ ಅಳುವಾರದ ವಿಷಯ ಮನೆಮನೆಯಲ್ಲೂ ಚರ್ಚೆಯಾಯಿತು. ಹ್ಯಾಷ್‌ಟ್ಯಾಗ್ ಒಂದು ವಾರದ ಕೆಲಸ. ಆಸ್ಪತ್ರೆ, ವಿಶ್ವವಿದ್ಯಾಲಯ ವರ್ಷಗಟ್ಟಲೆಯ ಕೆಲಸ. ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರ್‌ನಲ್ಲಿ ತೆರವು ಕಾರ್ಯಾಚರಣೆಯಿಂದ ಗುಡಿಸಲು ಕಳೆದುಕೊಂಡ ಆದಿವಾಸಿಗಳು ತಿಂಗಳುಗಟ್ಟಲೆ ಅಲ್ಲೇ ಕೂತರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಲ್ಲಿ ಹಲವರಿಗೆ ಜಾಗ ಸಿಕ್ಕಿತು. ಕೂತವರಿಗೆ ವಾಪಸ್ ಹೋಗಲು ಬೇರೆ ಮನೆ ಇರಲಿಲ್ಲ. ಬೆಂಬಲಕ್ಕೆ ಹೊರಗಿಂದ ಬಂದವರಿಗೆ ಇತ್ತು. ವಿದ್ಯಾರ್ಥಿಗಳ ವಿಷಯದಲ್ಲಿ ನನ್ನ ದೊಡ್ಡ ಅನುಮಾನ ಇದೇ. ಅವರಿಗೆ ಯಾವಾಗ ಬೇಕಾದರೂ ಎದ್ದು ಹೋಗುವ ಸೌಕರ್ಯ ಇರುತ್ತದೆ. ಪರೀಕ್ಷೆ ಬಂತು, ಹೋದರು.

ನಿಮ್ಮ ಮಗನ ರೂಮಿನಲ್ಲಿ ಭಗತ್ ಸಿಂಗ್ ಚಿತ್ರ ಇರಬಹುದು. ಇದ್ದರೆ 1931ರ ಫೆಬ್ರವರಿಯಲ್ಲಿ ಆತ ಜೈಲಿನಿಂದ ಯುವ ಕಾರ್ಯಕರ್ತರಿಗೆ ಬರೆದ ಪತ್ರವನ್ನು ಹುಡುಕಿ ಓದು ಅನ್ನಿ. ಗಲ್ಲಿಗೆ ಇನ್ನು ಏಳು ವಾರ ಇತ್ತು. ವಯಸ್ಸು ಇಪ್ಪತ್ತಮೂರು. ಆ ಪತ್ರದಲ್ಲಿ ರಾಜಿ ಅನ್ನುವುದು ಕೆಲವೊಮ್ಮೆ ಬೇಕಾಗುವ ಆಯುಧ ಅನ್ನುತ್ತಾನೆ. ಬರೀ ಬಾಂಬು ಎಸೆಯುವುದರಿಂದ ಪ್ರಯೋಜನ ಇಲ್ಲ, ದಿನದಿನದ ಸಂಘಟನೆಯ ಕೆಲಸ ಬೇಕು ಅನ್ನುತ್ತಾನೆ. ಚಿತ್ರ ಅಂಟಿಸುವವರು ಜಾಸ್ತಿ, ಪತ್ರ ಓದುವವರು ಕಡಿಮೆ.

ಕೊನೆಗೆ, ಪತ್ರದಲ್ಲಿ ಬರೆಯದಿದ್ದರೂ ನಿಮಗೆ ಇರಬಹುದಾದ ಭಯದ ವಿಷಯ, ಪೊಲೀಸ್ ಕೇಸು. ಇದನ್ನು ಅವನ ಜೊತೆ ನೇರವಾಗಿ ಮಾತಾಡಿ. ಶಾಂತವಾಗಿ, ಆಯುಧ ಇಲ್ಲದೆ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಧರಣಿಗೆ ಅನುಮತಿ ತೆಗೆದುಕೊಂಡಿದ್ದಾರಾ ಅಂತ ಮೊದಲೇ ಕೇಳಲಿ. ಭಾರತೀಯ ನ್ಯಾಯ ಸಂಹಿತೆಯ 189 ಮತ್ತು 190ನೇ ಕಲಂಗಳನ್ನು ಒಮ್ಮೆ ಓದಲಿ. ಐದು ಅಥವಾ ಹೆಚ್ಚು ಜನರ ಗುಂಪು ಅಕ್ರಮ ಕೂಟ ಅಂತಾದರೆ, ಆ ಉದ್ದೇಶಕ್ಕಾಗಿ ಒಬ್ಬ ಮಾಡಿದ್ದಕ್ಕೆ ಜೊತೆಗಿದ್ದವರೆಲ್ಲ ಹೊಣೆಯಾಗಬಹುದು. ಕಲ್ಲು ಎಸೆದವನು ಓಡಿಹೋಗುತ್ತಾನೆ, ನಿಂತವನ ಹೆಸರು ಎಫ್‌ಐಆರ್‌ಗೆ ಬರುತ್ತದೆ. ಸೈನ್ಯದ ಆಸೆ ಇರುವವನಿಗೆ ಇದು ಸಣ್ಣ ವಿಷಯ ಅಲ್ಲ. 2022ರ ಜೂನ್‌ನಲ್ಲಿ ಸೈನ್ಯಕ್ಕೆ ನಾಲ್ಕು ವರ್ಷದ ನೇಮಕಾತಿಯ ಅಗ್ನಿಪಥ್ ಯೋಜನೆ ವಿರುದ್ಧ ಗಲಾಟೆ ಆದಾಗ, ಪ್ರತಿಭಟನೆಯಲ್ಲಾಗಲಿ ದಾಂಧಲೆಯಲ್ಲಾಗಲಿ ನಾನಿರಲಿಲ್ಲ ಅಂತ ಪ್ರತಿಯೊಬ್ಬ ಅಭ್ಯರ್ಥಿಯೂ ಬರೆದುಕೊಡಬೇಕು, ಪೊಲೀಸ್ ವೆರಿಫಿಕೇಶನ್ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ ಅಂತ ಸೇನೆಯವರು ಬಹಿರಂಗವಾಗಿಯೇ ಹೇಳಿದರು. ಕಲ್ಲು ಕೈಗೆ ಬಂದ ಗಳಿಗೆಯಲ್ಲಿ ಎದ್ದು ಬರುವುದು ಹೇಡಿತನ ಅಲ್ಲ ಅಂತ ಅವನಿಗೆ ನಿಮ್ಮ ಬಾಯಿಂದ ಕೇಳಬೇಕು. ಗೆಳೆಯರ ಬಾಯಿಂದ ಆ ಮಾತು ಬರುವುದಿಲ್ಲ.

ತಡೆಯಬೇಕಾ ಅಂತ ಕೇಳಿದಿರಿ. ತಡೆಯಬೇಡಿ. ತಡೆದರೂ ನಿಲ್ಲುವುದಿಲ್ಲ, ಸುಳ್ಳು ಹೇಳಿ ಹೋಗುತ್ತಾನೆ ಅಷ್ಟೆ. ಮುಂದಿನ ಸಲ ವ್ಯವಸ್ಥೆ ಬದಲಾಗಬೇಕು ಅಂದಾಗ, ಸ್ಕಾಲರ್‌ಶಿಪ್ ಫೈಲ್ ಎಲ್ಲಿ ನಿಂತಿದೆ, ಎಷ್ಟು ಜನರದ್ದು ಬಾಕಿ, ಪಟ್ಟಿ ಯಾರ ಹತ್ತಿರ ಇದೆ ಅಂತ ಕೇಳಿ. ಉತ್ತರ ಗೊತ್ತಿದ್ದರೆ ನಿಮ್ಮ ಅನುಮಾನ ಅರ್ಧ ಇಳಿಸಿಕೊಳ್ಳಿ. ಗೊತ್ತಿಲ್ಲದಿದ್ದರೆ ಪಟ್ಟಿ ಮಾಡಲು ಹೇಳಿ, ಪೆಟ್ರೋಲಿಗೆ ದುಡ್ಡು ಕೊಡಿ.

ನಮ್ಮ ಕಾಲೇಜಿನ ಆ ಮೌನಿ ಹುಡುಗ ಈಗ ಒಂದು ಸಹಕಾರ ಬ್ಯಾಂಕಿನಲ್ಲಿದ್ದಾನೆ. ಮುಷ್ಕರದ ಲೆಕ್ಕದ ನೋಟ್‌ಬುಕ್ ನನಗೆ ಕೊಟ್ಟು ಹೋದ. ಟಾರ್ಪಾಲು, ಮೈಕು, ಬ್ಯಾಟರಿ, ಟೀ. ಕೊನೆಯ ಪುಟದಲ್ಲಿ ಟೀ ಅಂಗಡಿಗೆ 140 ರೂಪಾಯಿ ಬಾಕಿ ಅಂತಿದೆ. ಅದರ ಕೆಳಗೆ ಮೂರು ವರ್ಷದ ನಂತರದ ತಾರೀಖು ಹಾಕಿ, ಬೇರೆ ಬಣ್ಣದ ಇಂಕಿನಲ್ಲಿ, 'ಮೊದಲ ಸಂಬಳದಲ್ಲಿ ಕೊಟ್ಟಿದ್ದೇನೆ' ಅಂತ ಬರೆದಿದ್ದಾನೆ. ನಿಮ್ಮ ಮಗ ಮಡಿಕೇರಿ ಕಡೆ ಬಂದರೆ ನನ್ನ ಮನೆಗೆ ಕಳಿಸಿ. ತೋರಿಸುತ್ತೇನೆ.